ನಂಜಪ್ಪನವರ ಸೀತಾಫಲ

ಕಳೆದ ಆಯುಧಪೂಜೆಗೆ ಆಫೀಸಿನ ಕಂಪ್ಯೂಟರುಗಳಿಗೆ ಕರ್ಪೂರ ಬೆಳಗುವಾಗ ನಾನು ಬಾಗಿಲ ಹೊರಗೆ ಹೋಗಿ ನಿಂತೆ. ಸಹೋದ್ಯೋಗಿಗಳು ನನ್ನನ್ನು ವಿಚಾರವಾದಿಯೆಂದು ಕೊಂಡಾಡಿದರು. ನಿಜ ಹೇಳಬೇಕೆಂದರೆ, ಕರ್ಪೂರದ ವಾಸನೆ ಬಂದರೆ ನನಗೆ ಕೈಕಾಲು ಆಡುವುದಿಲ್ಲ. ವಿಚಾರವಾದಕ್ಕೆ ಇಷ್ಟು ಅಗ್ಗದ ಕಾರಣವೂ ಇರಬಹುದೆಂದು ನಿಮಗೂ ಹೊಳೆದಿರಲಾರದು.

ತೊಂಬತ್ತರ ದಶಕದ ಕೊನೆ. ಅರಸೀಕೆರೆಯ ಸ್ಟೇಷನ್ ಹತ್ತಿರ ನಂಜಪ್ಪನವರ ಹಳೇ ಪುಸ್ತಕದಂಗಡಿ ಇತ್ತು. ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದ ನಾನು, ಆ ಡಿಗ್ರಿಯನ್ನು ಯಾರೂ ಕೇಳದ್ದರಿಂದ, ದಿನವೂ ಅಲ್ಲಿ ಕೂತಿರುತ್ತಿದ್ದೆ. ನಂಜಪ್ಪನವರ ವರ್ಗೀಕರಣ ಸರಳ: ಭೂಪಟವಿದ್ದರೆ ಯುದ್ಧದ ಪುಸ್ತಕ, ಕಲ್ಲಿನ ಹೆಂಗಸಿದ್ದರೆ ಕಲೆಯದ್ದು. ಹೀಗಾಗಿ ರೈಲ್ವೆ ವೇಳಾಪಟ್ಟಿಯೊಂದು ಬಹಳ ಕಾಲ ಮಹಾಯುದ್ಧಗಳ ನಡುವೆ ನಿಂತಿತ್ತು. ಆದರೂ ಬೇಲೂರು, ಹಳೇಬೀಡಿನ ಅಟ್ಟಗಳಿಂದ ಅವರು ಇಳಿಸಿ ತರುತ್ತಿದ್ದ ಶಿಲ್ಪಕಲೆಯ ಪುಸ್ತಕಗಳು ನಮ್ಮ ಕಾಲೇಜಿನಲ್ಲಿ ಸಿಗುತ್ತಿರಲಿಲ್ಲ. ಅಲ್ಲಿ ಸಿಗುತ್ತಿದ್ದದ್ದು ಬೀರುವಿನ ಬೀಗದ ದರ್ಶನ ಮಾತ್ರ.

ಆ ವರ್ಷ ಹಾರನಹಳ್ಳಿಯಲ್ಲಿ ತೀರಿಕೊಂಡ ಹಳೆಯ ಸೈನಿಕರೊಬ್ಬರ ಟ್ರಂಕನ್ನು ಅವರ ಮನೆಯವರು ಇಡಿಯಾಗಿ ಮಾರಿದರು. ಒಳಗೆ ಯುದ್ಧಚರಿತ್ರೆಯ ಪುಸ್ತಕಗಳು. ತಳದಲ್ಲಿ, ಬನಿಯನ್ನಿನಲ್ಲಿ ಸುತ್ತಿದ್ದ, ಸೀತಾಫಲದಂಥ ಮೈಯ ಒಂದು ಕಬ್ಬಿಣದ ಉಂಡೆ. ಗಾಳಿಗೆ ಹಾರುತ್ತಿದ್ದ ಹಳೇಬೀಡಿನ ಬಿಡಿ ಚಿತ್ರಪಟಗಳ ಮೇಲೆ ನಂಜಪ್ಪನವರು ಅದನ್ನು ಕೂರಿಸಿದರು. ಬೀದಿಯ ಬಾದಾಮಿ ಮರದಿಂದ ಬಿದ್ದ ಕಾಯಿಗಳನ್ನು ನಾನು ಅದರಲ್ಲೇ ಕುಟ್ಟಿ ತಿಂದಿದ್ದೇನೆ. ಎಂ.ಎ. ಆದವನಿಗೆ ಬೇರೆ ಕೆಲಸವಿರಲಿಲ್ಲ.

ಆಯುಧಪೂಜೆಯ ದಿನ ತಕ್ಕಡಿ, ಕತ್ತರಿ, ದಬ್ಬಳಗಳ ಸಾಲಿನಲ್ಲಿ ಅದಕ್ಕೂ ವಿಭೂತಿ ಬಳಿದು ಚೆಂಡುಹೂ ಮುಡಿಸಿದರು. ಅಂಗಡಿಯಲ್ಲಿ ದುಡಿಯುವ ಕಬ್ಬಿಣವೆಲ್ಲ ಆಯುಧವೇ ಎಂಬುದು ಅವರ ನಂಬಿಕೆ. ಆರತಿ ತಟ್ಟೆಯಲ್ಲಿ ಕಡಲೆಪುರಿ ತುಂಬಿದ್ದರಿಂದ ಕರ್ಪೂರವನ್ನು ಉಂಡೆಯ ನೆತ್ತಿಯ ಮೇಲೇ ಇಟ್ಟು ಹಚ್ಚಿದರು. ಪುರಿಗೆ ಕಾಯುತ್ತ ಬಾಗಿಲಲ್ಲಿ ಕೂತಿದ್ದ ನಾನು ಟ್ರಂಕಿನ ಪುಸ್ತಕವೊಂದನ್ನು ತಿರುವಿದೆ. ಒಂದು ಪುಟದಲ್ಲಿ ಅದೇ ಸೀತಾಫಲವನ್ನು ಸೀಳಿ ತೋರಿಸಿದ ಚಿತ್ರವಿತ್ತು. ತಿರುಳಿನ ಜಾಗದಲ್ಲಿ ಮದ್ದು. ಅದು ಕೈಬಾಂಬು.

ಅದು ಬಾಂಬು, ನೀವು ಹೊರಗೆ ಬನ್ನಿ ಎಂದೆ. ನಂಜಪ್ಪನವರು ಗಂಟೆ ನಿಲ್ಲಿಸಲಿಲ್ಲ.

“ಮಂಗಳಾರತಿ ನಡುವೆ ಎದ್ದು ಬರೋಕಾಯ್ತದೇನ್ರೀ? ಅದ್ರ ಪಾಡಿಗೆ ಅದು ಆರ್ಲಿ, ಬತ್ತೀನಿ.”

ಕರ್ಪೂರ ಸಾವಕಾಶವಾಗಿ ಉರಿಯುತ್ತಿತ್ತು. ಅದರಿಂದ ಗೇಣು ದೂರದಲ್ಲಿ ಅವರು ಕಣ್ಣು ಮುಚ್ಚಿ ನಿಂತಿದ್ದರು. ರಸ್ತೆ ನನ್ನ ಬೆನ್ನ ಹಿಂದೆಯೇ ಇತ್ತು. ನನ್ನ ಕಾಲುಗಳಿಗೆ ದಿಕ್ಕು ತಪ್ಪಿತೋ ಏನೋ, ಒಳಕ್ಕೆ ಓಡಿದವು. ಉರಿಯನ್ನು ಊದಿ ಆರಿಸಿ, ಅವರ ರಟ್ಟೆ ಹಿಡಿದು ಬೀದಿಗೆ ಎಳೆದು ತಂದೆ. ಆರತಿ ಊದಿದವನ ಮನೆ ಉದ್ಧಾರವಾಗುವುದಿಲ್ಲ ಎಂದು ಅವರು ಇಡೀ ಬೀದಿಗೆ ಸಾರಿದರು.

ಮೊದಲು ಬಂದ ಪೇದೆ ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕ. ನಾನು ಪುಸ್ತಕದ ಚಿತ್ರ ತೋರಿಸಿದ ಮೇಲೆ, ಮಗುವನ್ನು ಮಲಗಿಸುವಂತೆ ಅದನ್ನು ಇಟ್ಟು ಹೊರಬಂದ. ಮರುದಿನ ತಜ್ಞರು ಊರಾಚೆಯ ಕಲ್ಲುಕ್ವಾರಿಯಲ್ಲಿ ಅದನ್ನು ಸಿಡಿಸಿದರು. ದೂರದಲ್ಲಿ ನಿಂತಿದ್ದರೂ ಸದ್ದು ಎದೆಯೊಳಗೇ ಬಿದ್ದಂತಾಯಿತು. ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ನಂಜಪ್ಪನವರ ಮುಖ ನೋಡಿದೆ.

“ನೋಡಿದ್ರಾ? ಪೂಜೆ ನಡೀತಿರೋವರ್ಗೂ ತೆಪ್ಪಗಿತ್ತು ಕಣ್ರೀ. ನೀವು ಆರತಿ ಆರಿಸಿದ್ರಿ, ಸಿಡೀತು.”

ಇದಕ್ಕೆ ಇತಿಹಾಸದಲ್ಲಿ ಉತ್ತರವಿಲ್ಲ. ನಾನು ಹುಡುಕಿದ್ದೇನೆ.

ಮೊನ್ನೆ ಹಳೇಬೀಡಿಗೆ ಹೋಗಿದ್ದೆ. ದೇವಾಲಯದ ಗೋಡೆಯಲ್ಲಿ ಕೆತ್ತಿದ ಯುದ್ಧದ ಸಾಲುಗಳ ಮುಂದೆ ಗೈಡು ಶೌರ್ಯವನ್ನು ಬಣ್ಣಿಸುತ್ತಿದ್ದ. ಆ ರೇಖೆಗಳ ಲಾಲಿತ್ಯದ ಬಗ್ಗೆ ನಾನೂ ಒಮ್ಮೆ ಪುಟಗಟ್ಟಲೆ ಬರೆದವನೇ. ಈಗ ಬಗ್ಗಿ, ಒಬ್ಬೊಬ್ಬ ಕಾಲಾಳಿನ ಮುಖವನ್ನೂ ನೋಡುತ್ತ ಬಂದೆ. ಎಲ್ಲರೂ ಮದುವೆಗೆ ಹೊರಟವರಂತಿದ್ದರು. ನಡುಗುತ್ತಲೇ ಮುಂದೆ ಹೋಗುತ್ತಿರುವವನು ಒಬ್ಬನೂ ಇರಲಿಲ್ಲ.

ಏನು ಹುಡುಕುತ್ತಿದ್ದೀರಿ ಸಾರ್ ಎಂದು ಗೈಡು ಕೇಳಿದ.

ಪರಿಚಯದವರೊಬ್ಬರನ್ನು ಎಂದೆ.