ಹತ್ತುಮೀನಿನ ಮಾತಿಗೆ ಬೇಗಾರಿಗೆ ಹೋಗಿ ಬಂದದ್ದು

ಜೂನ್ ಮೊದಲ ವಾರ, ಬೆಳಿಗ್ಗೆ ಏಳರ ಬಸ್ಸಿಗೆ ಶೆಟ್ಟಿಕೊಪ್ಪದಲ್ಲಿ ಹತ್ತಿದೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಕೈಯಲ್ಲಿ ಕೊಡೆ, ಬಾಯಲ್ಲಿ ಬೇಕಾದಷ್ಟು ಉಪದೇಶ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಅದರ ಕೊರತೆಯಿಲ್ಲ. ಹೋಗಬೇಕಾದದ್ದು ಶೃಂಗೇರಿಯಾಚೆಯ ಬೇಗಾರಿಗೆ. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆ ಅಲ್ಲಿನದು.

ಮೊದಲ ಮಳೆ ಬಿದ್ದಾಗ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳಕ್ಕೆ, ಗದ್ದೆಗೆ ಹತ್ತಿ ಬರುತ್ತದೆ. ಅದೇ ಹತ್ತುಮೀನು. ಅದರ ದಾರಿಗೆ ಕೂಣಿ, ಅಂದರೆ ಬಿದಿರು ಹೆಣೆದ ಬೋನು, ಒಡ್ಡಿ ಹಿಡಿಯುವುದು ನಮ್ಮ ಕಡೆಯ ಹಳೆಯ ಸಂಭ್ರಮ. ನಮ್ಮೂರ ಹಳ್ಳಕ್ಕೆ ಮಾತ್ರ ಮೂರು ಮಳೆಗಾಲದಿಂದ ಒಂದು ಮೀನೂ ಹತ್ತಿಲ್ಲ. ಹೊಟ್ಟೆ ತುಂಬ ಮೊಟ್ಟೆ ಇದ್ದದ್ದನ್ನೇ ಆರಿಸಿ ತಿಂದವರು ನಾವೇ. ಇನ್ನು ಯಾರನ್ನು ಬೈಯುವುದು? ತುಂಗೆಯ ಕಡೆ ಇನ್ನೂ ಬರುತ್ತವೆ ಎಂದು ಕೇಳಿದ್ದೆ. ಮೊದಲ ಎಂಟು ದಿನವಾದರೂ ಕೂಣಿ ಇಡಬೇಡಿ ಎಂದು ಅಲ್ಲಿಯವರನ್ನು ಕೇಳಿಕೊಳ್ಳಲು ಹೊರಟಿದ್ದೆ.

ಕೊಪ್ಪದಲ್ಲಿ ಇಡ್ಲಿ ತಿಂದು ಕಮ್ಮರಡಿಯ ಬಸ್ಸು ಹಿಡಿದೆ. ಪಕ್ಕದ ಸೀಟಿನಲ್ಲಿ ಮಂಜಪ್ಪ. ಕಮ್ಮರಡಿಯಲ್ಲಿ ಅಂಗಡಿ ಇಟ್ಟಿರುವವರು, ಹಳೆಯ ಪರಿಚಯ. ಜಪಾನಿನವರು ತಿಮಿಂಗಿಲವನ್ನು ಹಡಗಿಗೆ ಎಳೆದುಕೊಳ್ಳುವ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸಿದರು. ಬಾಲಕ್ಕೆ ಹಗ್ಗ ಬಿಗಿದಿತ್ತು.

"ನೋಡಿ ಟೀಚರೇ, ಇದು ಅವರ ಹಿರಿಯರ ಪದ್ಧತಿಯಂತೆ! ಬೇರೆ ದೇಶದವರು ಬೇಡ ಅಂದ್ರೂ ಕೇಳೋದಿಲ್ಲ. ಸಮುದ್ರ ಎಂತ ಇವರಪ್ಪನ ಆಸ್ತಿಯಾ?"

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ನನ್ನ ಮಾತು ತೆಗೆದೆ. ಮಂಜಪ್ಪ ಮೊಬೈಲನ್ನು ಜೇಬಿಗೆ ಇಳಿಸಿದರು.

"ಅದು ತಿಮಿಂಗಿಲ, ಇದು ಸಾರಿನ ಮೀನು ಮಾರಾಯ್ರೇ. ನಮ್ಮಜ್ಜನ ಕಾಲದಿಂದ ಕೂಣಿ ಇಡ್ತಿದೀವಿ. ನಾವು ಬಿಟ್ಟದ್ದನ್ನ ಬೇಗಾರಿನವರು ಹಿಡೀತಾರೆ, ಅಷ್ಟೇ. ಅವರು ಬಿಡ್ಲಿ, ನಾವೂ ಬಿಡ್ತೀವಿ. ಇದು ನನ್ನ ಮಾತು."

ಜಪಾನಿನವರೂ ಹೀಗೇ ಹೇಳುತ್ತಾರೇನೋ ಎಂದೆ. ಅವರು ನಕ್ಕು ಕಿಟಕಿಯ ಕಡೆ ತಿರುಗಿದರು.

ಆ ಸಂಜೆ ಶೃಂಗೇರಿಯಲ್ಲಿ ಉಳಿದೆ. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದೆ. ತೋಳುದ್ದದವು, ಮನುಷ್ಯರ ಭಯವೇ ಇಲ್ಲ. ಇಲ್ಲಿ ಅವು ದೇವರ ಮೀನು, ಯಾರೂ ಮುಟ್ಟುವುದಿಲ್ಲ. ಹೊಳೆಯ ತಿರುವು ದಾಟಿ ಹಳ್ಳ ಹತ್ತಿದ ಮೀನಿಗೆ ಆ ಭಾಗ್ಯವಿಲ್ಲ. ಆದರೂ ಎಲ್ಲರೂ ಒಪ್ಪಿದರೆ ಬಿಡುವುದು ಅಷ್ಟು ಕಷ್ಟವಲ್ಲ ಎಂದು ಧೈರ್ಯ ಬಂತು.

ಮರುದಿನ ಬೇಗಾರಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ನನ್ನ ಹಳೆಯ ಶಿಷ್ಯ ಸುಧಾಕರ ಕಾಯುತ್ತಿದ್ದ. "ಕೂಣಿ ಇಡೋ ನಾಲ್ಕೂ ಮನೆಯವರಿಗೆ ಹೇಳಿದೀನಿ ಟೀಚರ್, ಊಟ ಆದ ಮೇಲೆ ಬರ್ತಾರೆ. ನೀವು ಹೇಳಿದ್ರೆ ಕೇಳ್ತಾರೆ" ಎಂದ.

ಎಲೆ ಹಾಕಿದರು. ಸುಧಾಕರನ ತಾಯಿ ಗೌರಮ್ಮ ಬಡಿಸಲು ಬಗ್ಗಿದಾಗ ನೋಡಿದೆ: ಹುರಿದ ಮೀನಿನ ಮೊಟ್ಟೆ, ಎರಡು ದಪ್ಪ ಗಟ್ಟಿ.

"ನಿನ್ನೆಯೇ ಹತ್ತಿದ್ವು. ನಿಮಗೆ ಮೊಟ್ಟೆ ಅಂದ್ರೆ ಇಷ್ಟ ಅಲ್ವನ್ರೀ? ಮಕ್ಕಳಿಗೂ ಕೊಡದೆ ಎತ್ತಿಟ್ಟಿದ್ದೆ."

ಆ ಊರಿನಲ್ಲಿ ಹೊಸಬಳಾಗಿದ್ದಾಗ ಈ ಮನೆಯಲ್ಲೇ ಮೊಟ್ಟೆಯನ್ನು ಚಪ್ಪರಿಸಿ ತಿಂದಿದ್ದೆ. ಅಷ್ಟು ವರ್ಷದ ಮೇಲೂ ನೆನಪಿಟ್ಟಿದ್ದಾರೆ. ಬೇಡ ಎನ್ನಬಹುದಿತ್ತು. ಎಲೆಗೆ ಬಿದ್ದದ್ದನ್ನು ಬಿಟ್ಟರೆ ಆ ಮುಖ ಬಾಡುತ್ತಿತ್ತು. ತಿಂದೆ. ರುಚಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಊಟದ ಮೇಲೆ ನಾಲ್ವರು ಬಂದು ಜಗಲಿಯಲ್ಲಿ ಕೂತರು. ನಮ್ಮ ಖಾಲಿ ಹಳ್ಳದ ಕಥೆ ಹೇಳಿದೆ. ಹೊಳೆ ಎಲ್ಲರದು, ಒಂದೂರಿನದಲ್ಲ ಎಂದೆ. ಇಬ್ಬರು ತಲೆದೂಗಿದರು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಎಲೆಯಡಿಕೆ ಜಗಿಯುತ್ತ ಮೆಲ್ಲಗೆ ಕೇಳಿದರು:

"ಊಟಕ್ಕೆ ಎಂತ ಮಾಡಿದ್ರು ಟೀಚರಮ್ಮ?"

ಅಡುಗೆಮನೆಯ ಘಮ ಜಗಲಿಗೂ ಬಂದಿತ್ತು.

"ಹೇಳೋದು ಶಾಸ್ತ್ರ, ಇಕ್ಕೋದು ಗಾಳ" ಎಂದರು ಅವರು. ಎಲ್ಲರೂ ನಕ್ಕರು. ಸಿಟ್ಟಿನ ನಗೆಯಲ್ಲ, ಪ್ರೀತಿಯದೇ. ಬೈದಿದ್ದರೆ ವಾಸಿಯಿತ್ತು. ಮಾತು ಅಡಿಕೆ ಕೊಳೆರೋಗಕ್ಕೆ ತಿರುಗಿತು. "ಮುಂದಿನ ವರ್ಷ ನೋಡುವ ಟೀಚರ್" ಎಂದು ಸುಧಾಕರ ಬಸ್ಸಿನವರೆಗೆ ಬಂದ. ಗೌರಮ್ಮ ಮನೆಗೆಂದು ಒಂದು ಡಬ್ಬಿ ಹುರಿದ ಮೀನು ಕಟ್ಟಿಕೊಟ್ಟಿದ್ದರು. ಅದನ್ನೂ ಬೇಡ ಎನ್ನಲಾಗಲಿಲ್ಲ.

ಕಮ್ಮರಡಿಯಲ್ಲಿ ಬಸ್ಸು ನಿಂತಾಗ ಮಂಜಪ್ಪ ಅಂಗಡಿಯಿಂದ ಕಿಟಕಿಯ ಹತ್ತಿರ ಓಡಿ ಬಂದರು. ನಿಜವಾಗಿಯೂ ಕಾದಿದ್ದರು.

"ಎಂತಾಯ್ತು? ಬೇಗಾರಿನವರು ಬಿಟ್ರಾ?"

"ಬಿಡ್ತಿದ್ರೇನೋ ಮಂಜಪ್ಪ. ನನಗೇ ಬಿಡೋಕಾಗ್ಲಿಲ್ಲ" ಎಂದೆ.

ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಬೇಕಾದಷ್ಟು ಅರ್ಥವಾಯಿತು: ಬೇಗಾರಿನವರು ಬಿಟ್ಟಿಲ್ಲ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಮಂಜಪ್ಪ ಸ್ಟೂಲಿನ ಮೇಲೆ ನಿಂತು ಅಂಗಡಿಯ ಮಾಡಿಗೆ ಸಿಕ್ಕಿಸಿದ್ದ ಕೂಣಿಯನ್ನು ಕೆಳಗಿಳಿಸುತ್ತಿದ್ದರು. ನನ್ನ ತೊಡೆಯ ಮೇಲೆ ಡಬ್ಬಿ ಇನ್ನೂ ಬೆಚ್ಚಗಿತ್ತು.