ಹೋಲಿಕೆಯ ಊರು

ವಿಷಯಕ್ಕೆ ಬರುವ ಮುನ್ನ ಒಂದು ವಿನಂತಿ. ಇದುವರೆಗೆ ನಾನು ಬರೆದಿರುವುದು ವರದಿ ಮತ್ತು ಅರ್ಜಿಗಳನ್ನು ಮಾತ್ರ. ಆ ಧಾಟಿ ಇಲ್ಲಿಯೂ ನುಸುಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಒಂದು ಸಂಶೋಧನಾ ಯೋಜನೆಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಕೋಣೆ ಸೇಡಂನಲ್ಲಿ, ಕೆಲಸ ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ. ಇಳಿಜಾರು ಹೊಲಗಳಿಗೆ ಕಲ್ಲಿನ ಒಡ್ಡು ಹಾಕಿ, ಅದರ ಮೇಲೆ ಹುಲ್ಲು ಬೆಳೆಸಿ, ಗುಡ್ಡದಲ್ಲಿ ಗಿಡ ನೆಟ್ಟರೆ, ಮಳೆ ಏರುಪೇರಾದ ವರ್ಷವೂ ಮಣ್ಣು ಉಳಿಯುವುದೇ, ಬಡವರ ಮನೆಯ ಜೋಳ ಇನ್ನಷ್ಟು ದಿನ ಸಾಲುವುದೇ ಎಂಬುದನ್ನು ಅರಿಯುವುದು ಯೋಜನೆಯ ಉದ್ದೇಶವಾಗಿತ್ತು. ಅದಕ್ಕಾಗಿ ಎರಡು ಊರುಗಳನ್ನು ಆರಿಸಲಾಗಿತ್ತು. ಒಂದರಲ್ಲಿ ಈ ಎಲ್ಲ ಕೆಲಸವೂ ನಡೆಯತಕ್ಕದ್ದು. ಇನ್ನೊಂದರಲ್ಲಿ ಏನೂ ನಡೆಯಕೂಡದು; ಪ್ರತಿ ಬೇಸಿಗೆಯಲ್ಲಿ ಹೋಗಿ ಅವೇ ಪ್ರಶ್ನೆಗಳನ್ನು ಕೇಳಿ ಬರತಕ್ಕದ್ದು. ವ್ಯತ್ಯಾಸ ತಿಳಿಯಲು ಬೇರೆ ದಾರಿಯಿರಲಿಲ್ಲ. ಈ ಎರಡನೆಯದಕ್ಕೆ ಕಚೇರಿಯಲ್ಲಿ ಹೋಲಿಕೆಯ ಊರು ಎನ್ನುತ್ತಿದ್ದೆವು. ಆ ಊರಿನವರಿಗೆ ಇದನ್ನು ತಿಳಿಸಕೂಡದೆಂಬ ಸೂಚನೆಯಿತ್ತು.

ನನ್ನ ಅಕ್ಕನನ್ನು ಕೊಟ್ಟಿದ್ದು ಆ ಊರಿಗೆ.

ಅಕ್ಕನ ತೊಗರಿ ಹೊಲ ಹಳ್ಳಕ್ಕೆ ಇಳಿಯುವ ಜಾಗದಲ್ಲಿತ್ತು. ಮಳೆಗಾಲ ಬಂದಾಗಲೆಲ್ಲ ಕರಿಮಣ್ಣು ಕೊಚ್ಚಿಹೋಗಿ, ಕೆಳಗಿನ ಬಿಳಿ ಕಲ್ಲು ಮತ್ತಷ್ಟು ಮೇಲೆ ಕಾಣಿಸುತ್ತಿತ್ತು.

"ಆ ಊರಾಗ ಒಡ್ಡು ಹಾಕ್ಯಾರಂತ. ನಮ್ಮೂರಿಗಿ ಯಾವಾಗ್ ಬರ್ತಾರೋ ತಮ್ಮಾ?" ಎಂದು ಅಕ್ಕ ಕೇಳುತ್ತಿದ್ದಳು.

"ಮ್ಯಾಲಿನವ್ರು ವಿಚಾರ ಮಾಡ್ಲಿಕತ್ತಾರಕ್ಕಾ."

"ವರ್ಷಾ ವರ್ಷಾ ಹೆಣ್ಣು ನೋಡ್ಲಿಕ್ಕಿ ಬಂದಂಗ ಬರ್ತಿ, ಲಗ್ನದ ಮಾತು ಮಾತ್ರ ಎತ್ತವಲ್ಲಿ!"

ಪಡಸಾಲೆಯಲ್ಲಿ ಕುಳಿತ ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಿಜ ಹೇಳಿದರೆ ನೌಕರಿ ಹೋಗುತ್ತಿತ್ತು. ಆಮೇಲೆ ವಾಡಿಯ ಕಾರ್ಖಾನೆಯ ಗೇಟಿನ ಮುಂದೆ ಕೂಲಿಗಾಗಿ ನಿಲ್ಲಬೇಕಿತ್ತು. ಅಲ್ಲಿ ನಿಂತು ಬಂದವನೇ ನಾನು.

ಹೀಗಿರುವಲ್ಲಿ ಒಂದು ಬೇಸಿಗೆ, ಭಾವ ತಾನೇ ಒಡ್ಡು ಹಾಕತೊಡಗಿದ. ಹಿಂದೆ ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದವನಾದ್ದರಿಂದ ಕಲ್ಲು ಅವನಿಗೆ ಹೊಸದಲ್ಲ. ಅದನ್ನು ಕಂಡ ನಮ್ಮ ಸಾಹೇಬರು ಜೀಪಿನಲ್ಲೇ ಹೇಳಿದರು: "ಇವ್ರೂ ಒಡ್ಡು ಹಾಕಿದ್ರ ಹೋಲಿಸೋದು ಯಾವುದಕ್ಕ? ಎರಡು ವರ್ಷ ತಡೀಲಿಕ್ಕಿ ಹೇಳ್ರಿ." ಸಾಹೇಬರು ಕೆಟ್ಟವರಾಗಿರಲಿಲ್ಲ. ವ್ಯತ್ಯಾಸ ಸಾಬೀತಾದರೆ ಇಡೀ ತಾಲ್ಲೂಕಿಗೆ ಒಡ್ಡು ಬರುತ್ತದೆಂದು ನಂಬಿದ್ದರು. ನಾನೂ ನಂಬಿದ್ದೆ.

ಸದರಿ ಸೂಚನೆಯನ್ನು ಹೊತ್ತು ಹೊಲಕ್ಕೆ ಹೋದೆ.

"ಅಕ್ಕಾ, ಇನ್ನೆರಡು ವರ್ಷ ತಡೀಬೇಕಂತ."

"ಯಾರು, ಮಳಿ ತಡೀಬೇಕಾ?"

ಭಾವ ಕೈಯಲ್ಲಿದ್ದ ಕಲ್ಲನ್ನು ಇಳಿಸಿ ಯಾಕೆಂದು ಕೇಳಿದ. ಮುಚ್ಚಿಡಲು ಸಾಧ್ಯವಾಗದೆ ಎಲ್ಲವನ್ನೂ ತಿಳಿಸಿದೆ. ಅಕ್ಕ ನನ್ನ ಕಡೆ ತಿರುಗಿದಳು.

"ಅಂದ್ರ ನಮ್ಮ ಹೊಲ ಹಾಳಾಗೂದು ನಿಮಗ ಬೇಕಾಗ್ಯದ."

"ಬೇಕಾಗಿಲ್ಲಕ್ಕಾ. ನೋಡ್ಬೇಕಾಗ್ಯದ."

"ಹಂಗಾದ್ರ ನೋಡು. ಅಲ್ಲೇ ಕುಂತು ನೋಡು," ಎಂದು ಅವಳು ಮುಂದಿನ ಕಲ್ಲಿಗೆ ಬಗ್ಗಿದಳು.

ಮಳೆಗೆ ಮೊದಲೇ ಒಡ್ಡು ಮುಗಿಯಿತು. ಪಕ್ಕದ ಹೊಲದವರೂ ಕಲ್ಲು ಹೊರಲಾರಂಭಿಸಿದರು. ಆ ವರ್ಷ ಅಕ್ಕನ ಹೊಲದ ಮಣ್ಣು ನಿಂತಿತು. ಅದು ನನ್ನ ಅಕ್ಕನ ಹೊಲವೆಂಬುದನ್ನೂ ಅವರಿಗೆ ಎಲ್ಲ ತಿಳಿಸಿದವನು ನಾನೇ ಎಂಬುದನ್ನೂ ಸೇರಿಸಿ, ನಾನು ಇದ್ದದ್ದನ್ನು ಇದ್ದಂತೆ ವರದಿ ಮಾಡಿದೆ. ಊರನ್ನು ಯೋಜನೆಯಿಂದ ಕೈಬಿಡಲಾಯಿತು. ನನ್ನನ್ನೂ ಕೈಬಿಡುತ್ತಾರೆಂದುಕೊಂಡಿದ್ದೆ, ಹಾಗಾಗಲಿಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿ ಹೋಲಿಕೆಗೆ ಬೇರೊಂದು ಊರನ್ನು ಗುರುತಿಸತಕ್ಕದ್ದು, ಅಲ್ಲಿ ನನ್ನ ಬಂಧುಗಳಾರೂ ಇಲ್ಲವೆಂದು ಬರೆದುಕೊಡತಕ್ಕದ್ದು ಎಂದು ಆದೇಶವಾಯಿತು. ಬರೆದುಕೊಟ್ಟೆ.

ಹೊಸ ಊರಿನ ಮೊದಲ ಮನೆಯಲ್ಲಿ ಒಬ್ಬ ಮುದುಕಿ ಕಂಬಳಿ ಹಾಸಿ, "ಯಾವೂರ್ರಿ ನಿಮ್ದು? ಯಾರ ಪೈಕಿ?" ಎಂದಳು. ವಾಡಿ ಕಡೆ ಎಂದಷ್ಟೇ ಹೇಳಿ ಜಾರಿಕೊಳ್ಳಲು ನೋಡಿದೆ. ಅವಳು ಬಿಡದೆ ತಂದೆಯ ಮನೆತನ ಕೇಳಿದಳು, ತಾಯಿಯ ತವರು ಕೇಳಿದಳು, ಸ್ವಲ್ಪ ಹೊತ್ತು ಬೆರಳು ಮಡಚಿದಳು.

"ಅಯ್ಯ, ನಿಮ್ಮವ್ವ ನನಗ ತಂಗಿ ಆಗ್ಬೇಕಲ್ಲೋ! ಇನ್ನ ರೀ ಗೀ ಏನೂ ಬ್ಯಾಡ. ಕುಂದ್ರು ಮಗನ, ಚಾ ಇಡ್ತೀನಿ." ಮತ್ತೆ ಬಾಗಿಲಿಗೆ ಹೋಗಿ, "ಬರ್ರೆ, ನಮ್ಮ ತಂಗಿ ಮಗ ಬಂದಾನ, ಇನ್ನ ನಮ್ಮೂರಿಗಿ ಭಾಳ ಛಲೋ ಆಗ್ತದ!" ಎಂದು ಓಣಿಯವರನ್ನೆಲ್ಲ ಕೂಗತೊಡಗಿದಳು. ನಾನು ಎದ್ದು ಹೋಗುವಂತಿರಲಿಲ್ಲ.