ಜೂನ್ ಒಂದರ ಮಾಧುರಿ

"ರಿಜೆಕ್ಟೆಡ್ ಕೋಣ ಆಹೆ?"

ರಿಜೆಕ್ಟೆಡ್ ಯಾರು ಎಂದು ಮಾಯಾ ಸಿಸ್ಟರ್ ಹೀಗೆ ಮರಾಠಿಯಲ್ಲಿ ಕೂಗಿದಾಗ ಪುಣೆಯ ಹಡಪ್ಸರದ ಆ ಹೆರಿಗೆ ಆಸ್ಪತ್ರೆಯ ಬೆಂಚುಗಳ ಮೇಲೆ ಕುಳಿತಿದ್ದ ಬಸುರಿಯರೂ ಅವರ ಚೀಲ ಹಿಡಿದು ನಿಂತಿದ್ದ ಗಂಡಂದಿರೂ ಒಟ್ಟಿಗೆ ತಲೆ ಎತ್ತಿದರು. ರಿಜೆಕ್ಟ್ ಆದವರು ಯಾರೆಂದು ತಿಳಿಯುವ ಕುತೂಹಲ ಉಳಿದವರಿಗೆ ಯಾವಾಗಲೂ ಇದ್ದದ್ದೇ. ಸಿಸ್ಟರ್ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ಬೆಳಗಿನ ಮೂತ್ರ, ಡಬ್ಬಿಯ ಹೊಟ್ಟೆಗೆ ಕೆಂಪು ಚೀಟಿ. ಚೀಟಿಯ ಮೇಲೆ ಹೆಸರಿರಬೇಕಾಗಿತ್ತು. ಇರಲಿಲ್ಲ. ಸಿಸ್ಟರ್ ಇದ್ದದ್ದನ್ನೇ ಓದಿದ್ದಳು.

ಮಾಧುರಿ ಕೈ ಎತ್ತಿದಳು. "ನಂದೇ ರೀ" ಎಂದು ಕನ್ನಡದಲ್ಲಿ ಅಂದು, ಆಮೇಲೆ ಮರಾಠಿಯಲ್ಲಿ ತಿದ್ದಿಕೊಂಡಳು. ಎದುರಿಗಿದ್ದ ಒಬ್ಬ ಗಂಡಸು ನಗು ತಡೆಯಲು ಗೋಡೆಯ ಮೇಲಿನ ಫಲಕ ಓದತೊಡಗಿದ. ಇಲ್ಲಿ ಗಂಡೋ ಹೆಣ್ಣೋ ಎಂದು ಹೇಳಲಾಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ತಪ್ಪು ಡಬ್ಬಿಯದಲ್ಲ. ಅದು ಕಾರ್ಖಾನೆಯಿಂದ ಮನೆಗೆ ಬಂದು, ಮೂರು ವರ್ಷ ಲವಂಗ ಹೊತ್ತು, ಆ ಬೆಳಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು. ಮಾಧುರಿ ಹಡಪ್ಸರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ತಪಾಸಣೆಯ ಮೇಜಿಗೆ ಕುಳಿತವಳು. ಸ್ಕೂಟರಿನೊಳಗೆ ಎಲ್ಲೋ ಕೂರುವ, ಹೆಬ್ಬೆರಳುದ್ದದ ಕಬ್ಬಿಣದ ನಳಿಗೆಗಳು ಅವಳ ಮುಂದೆ ಬಂದು ಬೀಳುತ್ತವೆ. ಅವಳ ಕೈಯಲ್ಲಿ ಗೇಜ್ ಎಂಬ ಉಕ್ಕಿನ ಕಡ್ಡಿ. ಅದರ ಹಸಿರು ತುದಿ ನಳಿಗೆಯ ತೂತಿನೊಳಗೆ ಹೋಗಬೇಕು, ಕೆಂಪು ತುದಿ ಹೋಗಬಾರದು. ಎರಡೂ ಸರಿಯಾದರೆ ಹಸಿರು ಟ್ರೇ. ಯಾವುದೊಂದು ತಪ್ಪಿದರೂ ಕೆಂಪು ಟ್ರೇ. ಅನುಮಾನವಿದ್ದರೆ ಹಳದಿ ಟ್ರೇ. ಹಳದಿಯದು ಸೂಪರ್‌ವೈಸರ್ ಬಂದು ನೋಡುವವರೆಗೆ ಅಲ್ಲೇ ಬಿದ್ದಿರುತ್ತದೆ. ಒಂದು ನಳಿಗೆಗೆ ನಾಲ್ಕು ಸೆಕೆಂಡು. ಐದನೇ ಸೆಕೆಂಡಿನಲ್ಲಿ ಯೋಚನೆ ಶುರುವಾಗುತ್ತದೆ, ಯೋಚನೆಗೆ ಸಂಬಳ ಇಲ್ಲ.

ಡಾಕ್ಟರ್ ನೀಲಿಮಾ ಧಾರವಾಡದ ಕಡೆಯವರು. ಮಾಧುರಿಯ ಹೆಸರಿನ ಮುಂದಿನ ಊರು ನೋಡಿದೊಡನೆ ಕನ್ನಡಕ್ಕೆ ಹೊರಳಿದರು.

"ನೋಡ್ರಿ ಮಾಧುರಿ, ಹನ್ನೆರಡನೇ ವಾರ ನಡದದ. ಈಗ ಒಂದು ಸ್ಕ್ಯಾನ್, ಒಂದು ರಕ್ತ ಪರೀಕ್ಷಾ ಇರ್ತದ. ಡಬಲ್ ಮಾರ್ಕರ್ ಅಂತಾರ. ಕೂಸಿಗೆ ಹುಟ್ಟಾ ದೋಷ ಇರೋ ಸಂಶಯ ಎಷ್ಟು ಅಂತ ಹೇಳ್ತದ. ಹೌದು, ಅಲ್ಲ ಅಂತ ಹೇಳೂದಿಲ್ಲ, ಬರೇ ಸಂಶಯ. ಸಂಶಯ ಜಾಸ್ತಿ ಬಂದ್ರ ಮುಂದ ಇನ್ನೊಂದು ಪರೀಕ್ಷಾ."

"ಮಾಡಿಸಬೇಕೇನ್ರಿ?"

"ಮಾಡಿಸಲೇಬೇಕು ಅಂತಿಲ್ಲ. ನಿಮಗ ಮೂವತ್ತಾರು ಆಗ್ಯಾವಲ್ಲ, ಅದಕ್ಕ ಹೇಳಿದೆ. ಈ ವಯಸ್ಸಿಗೆ ಇನ್ನೂರು ಮುನ್ನೂರರಾಗ ಒಂದು ಹಂಗ ಇರ್ತದ. ಮನಿತನದೊಳಗ ಅಂಥ ಕೂಸು ಯಾರದರ ಇತ್ತೇನು?"

"ಇಲ್ರಿ."

"ಹಂಗಾರ ನಿಮ್ಮ ಇಚ್ಛಾ. ಬರೋ ಶನಿವಾರ ಹೇಳ್ರಿ. ಹದಿನಾಲ್ಕನೇ ವಾರ ದಾಟಿದ ಮ್ಯಾಲ ಈ ಪರೀಕ್ಷಾಕ್ಕ ಅರ್ಥ ಇಲ್ಲ."

ಮುನ್ನೂರಕ್ಕೆ ಒಂದೇ ರಿಜೆಕ್ಟ್ ಎಂದರೆ ಮಾಧುರಿಯ ಕಾರ್ಖಾನೆಯಲ್ಲಿ ಪೇಡೆ ಹಂಚುತ್ತಿದ್ದರು. ಇಲ್ಲಿ ಅದಕ್ಕೆ ಡಾಕ್ಟರು ದನಿ ಇಳಿಸಿದರು. ಇಚ್ಛೆ ಎಂಬ ವಸ್ತುವಿನ ಪರಿಚಯವಂತೂ ಅವಳಿಗೆ ಅಷ್ಟಾಗಿ ಇರಲಿಲ್ಲ. ಗಂಡನನ್ನು ಸೋದರಮಾವ ಆರಿಸಿದ್ದ, ಪುಣೆಯನ್ನು ಗಂಡ ಆರಿಸಿದ್ದ, ಮನೆಯ ಗೋಡೆಯ ಬಣ್ಣವನ್ನು ಹಿಂದಿನ ಬಾಡಿಗೆಯವರು ಆರಿಸಿ ಹೋಗಿದ್ದರು. ಹೊರಗೆ ಬಂದಾಗ ಮಾಯಾ ಸಿಸ್ಟರ್ ಹಿಂದಿನಿಂದ ಕೂಗಿ ಹೇಳಿದಳು, ಶನಿವಾರ ಏನೇ ನಿರ್ಧಾರ ಮಾಡಿದರೂ ಬರುವಾಗ ಒಂದು ಲೀಟರ್ ನೀರು ಕುಡಿದು, ಮೂತ್ರಕ್ಕೆ ಹೋಗದೇ ಬಾ, ಮೂತ್ರಕೋಶ ತುಂಬಿರದಿದ್ದರೆ ನಮ್ಮ ಮಶೀನಿಗೆ ಕಾಣುವುದಿಲ್ಲ, ಹೊಸ ಡಬ್ಬಿಯನ್ನೂ ತಾ ಎಂದು.

ಇದು ಮೂರನೆಯ ಸಲ. ಮೊದಲನೆಯದು ಎಂಟನೇ ವಾರಕ್ಕೆ ಹೋಯಿತು, ಎರಡನೆಯದು ಹತ್ತಕ್ಕೆ. ಮೊದಲ ಸಲ ಅತ್ತಿದ್ದಳು. ಎರಡನೇ ಸಲ ಅಳು ಬರಲಿ ಎಂದು ಬಚ್ಚಲಲ್ಲಿ ಸ್ವಲ್ಪ ಹೊತ್ತು ಕಾದಿದ್ದಳು, ಬಂದಿರಲಿಲ್ಲ. ಈ ಸಲ ಗರ್ಭ ನಿಂತಿತ್ತು. ಅದರ ಜತೆಗೆ ಒಳಗೆ ಇನ್ನೂ ಏನೋ ನಿಂತುಹೋಗಿತ್ತು. ಹಲ್ಲು ಕೀಳಿಸಿಕೊಂಡು ಬಂದವರ ಮರಗಟ್ಟಿದ ತುಟಿಯ ಹಾಗೆ. ಮುಟ್ಟಿದರೆ ಅದು ಅಲ್ಲಿದೆ ಎಂದು ಗೊತ್ತಾಗುತ್ತದೆ, ಯಾರದು ಎಂದು ಗೊತ್ತಾಗುವುದಿಲ್ಲ.

ಗಂಡ ಪ್ರೇಮಕುಮಾರ ಮಗರಪಟ್ಟಾದ ಒಂದು ಎತ್ತರದ ಕಟ್ಟಡದಲ್ಲಿ ಮೇಂಟೆನನ್ಸ್ ಆಫೀಸಿನ ಕ್ಲಾರ್ಕು. ಲಿಫ್ಟ್ ನಿಂತಿದೆ, ನಲ್ಲಿ ಸೋರುತ್ತಿದೆ ಎಂದು ದಿನವಿಡೀ ದೂರು ಕೇಳುವುದು, ಎಲ್ಲದಕ್ಕೂ ನೋಟ್ ಮಾಡಿಕೊಂಡಿದ್ದೇನೆ ಎನ್ನುವುದು ಅವನ ಉದ್ಯೋಗ. ಸಂಜೆ ಅವನ ಮುಂದೆ ಚಹಾ ಇಟ್ಟು ಮಾಧುರಿ ವಿಷಯ ಹೇಳಿದಳು.

"ಡಬಲ್ ಮಾರ್ಕರ್ ಅಂದ್ರ? ಸ್ಕೆಚ್ ಪೆನ್ನೇನು?"

"ರಕ್ತ ಪರೀಕ್ಷಾ ರೀ."

"ಏನಂತ ಬರ್ತದ ಅದರಾಗ?"

"ಸಂಶಯ ಎಷ್ಟು ಅಂತ."

"ಸಂಶಯ ಇಲ್ಲೇ ಬೇಕಾದಷ್ಟದ, ಅದಕ್ಕ ರಕ್ತ ಯಾಕ ಕೊಡಬೇಕು?" ಅಂದ. ಅವಳು ನಗಲಿಲ್ಲ. ಅವನು ಚಹಾ ಮುಗಿಸಿ ಕಪ್ಪು ಸರಿಸಿದ. "ನಿನಗ ತಿಳದಂಗ ಮಾಡು. ನಂದೇನಿಲ್ಲ."

"ಅಕಸ್ಮಾತ್ ಏನರ ಬಂದ್ರ?"

"ಬಂದ್ರ?"

"ಹೌದ್ರಿ, ಬಂದ್ರ?"

ಪ್ರೇಮಕುಮಾರ ಎದ್ದು ಹೋಗಿ, ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ ಅರ್ಧ ಗಂಟೆಯಲ್ಲಿ ರಿಪೇರಿ ಮಾಡಿದ. ಮದುವೆಯಾದ ಹತ್ತು ವರ್ಷದಲ್ಲಿ ಅವನು ಸ್ವಂತ ಮನೆಯ ದೂರಿಗೆ ಸ್ಪಂದಿಸಿದ್ದು ಅದೇ ಮೊದಲು. ಕೈ ಒರೆಸಿಕೊಳ್ಳುತ್ತ ಬಂದು ಹೇಳಿದ, "ಅಲ್ಲಾ, ನಿನ್ನ ಜೂನ್ ಒಂದು ಖರೇ ತಾರೀಖ ಅಲ್ಲಲ್ಲ? ವಯಸ್ಸು ಹಾಕಿ ಲೆಕ್ಕ ತಗೀತಾರ ಅಂದ್ರ ವಯಸ್ಸ ಬರಾಬರ್ ಇರಬೇಕು. ನಿಮ್ಮವ್ವನ್ನ ಒಮ್ಮೆ ಕೇಳು."

ಇದು ನಿಜ. ಅವರ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನೆಲ್ಲ ಹೆಡ್‌ಮಾಸ್ತರರು ಜೂನ್ ಒಂದರಂದು ಹುಟ್ಟಿಸಿಬಿಡುತ್ತಿದ್ದರು. ಶಾಲೆ ಶುರುವಾಗುವ ದಿನ, ಲೆಕ್ಕಕ್ಕೆ ಸಲೀಸು. ಪ್ರೇಮಕುಮಾರನ ಆಫೀಸಿನಲ್ಲೇ ನಾಲ್ಕು ಮಂದಿ ಜೂನ್ ಒಂದರವರಿದ್ದಾರೆ, ಒಂದೇ ಕೇಕಿನಲ್ಲಿ ಮುಗಿಯುತ್ತದೆ. ಮಾಧುರಿಯ ಕಾಗದದಲ್ಲಿ ಎಂಬತ್ತೊಂಬತ್ತರ ಜೂನ್ ಒಂದು. ದಿನ ಸುಳ್ಳೆಂದು ಅವಳಿಗೂ ಗೊತ್ತಿತ್ತು. ವರ್ಷದ ಬಗ್ಗೆ ಯಾರನ್ನೂ ಕೇಳಿರಲಿಲ್ಲ.

ತಾಯಿ ತಿಪ್ಪವ್ವ ಇರುವುದು ಮಾಧುರಿಯ ತಮ್ಮ ಮಾಂತು ಜತೆ, ಕುರಕುಂಭದಲ್ಲಿ. ಮಾಂತು ಅಲ್ಲಿನ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಪಾಳಿ ಮಾಡುತ್ತಾನೆ. ಭಾನುವಾರ ಮಾಧುರಿ ದೌಂಡ್ ರೈಲು ಹತ್ತಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಹೋಗಿ ಇಳಿದಾಗ ತಮ್ಮ ಡ್ಯೂಟಿಗೆ ಹೋಗಿದ್ದ. ಹೊಸಬರು ಮೂಗು ಮುಚ್ಚಿಕೊಳ್ಳುವ ಆ ವಾಸನೆಯೊಳಗೆ ತಿಪ್ಪವ್ವ ಬಾಗಿಲಲ್ಲಿ ಕುಳಿತು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಜೊಳ್ಳು ಒಂದು ಕಡೆ, ಒಳ್ಳೆಯದು ಒಂದು ಕಡೆ. ತಾಯಿಯೂ ತಪಾಸಣೆ ಖಾತೆಯವಳೇ, ಸಮವಸ್ತ್ರ ಇಲ್ಲ ಅಷ್ಟೇ.

ಮಾಧುರಿ ಎದುರಿಗೆ ಕುಳಿತು ತಾನೂ ಒಂದು ಹಿಡಿ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಯವ್ವಾ, ನಾ ಹುಟ್ಟಿದ್ದು ಖರೇ ಯಾವ ವರ್ಷ?"

"ಯಾಕವಾ, ಪೆನ್‌ಶನ್ ಬಂತೇನು?"

"ದವಾಖಾನಿಯಾಗ ಕೇಳ್ಯಾರ. ಎಂಬತ್ತೊಂಬತ್ತೇನು?"

ತಿಪ್ಪವ್ವ ಒಂದು ಹರಳು ಆರಿಸಿ ಹೊರಗೆ ಎಸೆದಳು. "ಅದು ನಿಂದಲ್ಲ. ಅದು ಆಕೀದು."

"ಯಾರದು?"

"ನಿಮ್ಮಕ್ಕಂದು."

ಮಾಧುರಿಗೆ ಅಕ್ಕ ಇರಲಿಲ್ಲ. ಅವಳು ಕೈಯಲ್ಲಿದ್ದ ಕಾಳುಗಳನ್ನು ಎಣಿಸಿದಳು. ಏಳಿದ್ದವು.

"ನಿನಗಿಂತ ಎರಡು ವರ್ಷ ಮುಂಚೆ ಒಬ್ಬಾಕಿ ಆಗಿದ್ಲು," ಎಂದಳು ತಿಪ್ಪವ್ವ, ಊರಿನ ಬಸ್ಸಿನ ವೇಳೆ ಹೇಳುವ ದನಿಯಲ್ಲಿ. "ಆಕೀ ಹೆಸರೂ ಮಾಧುರಿನೇ. ಹನ್ನೊಂದು ತಿಂಗಳಿದ್ಲು. ನಿಮ್ಮಪ್ಪ ರೇಶನ್ ಕಾರ್ಡಿನ್ಯಾಗ ಹೆಸರ ಬರಿಸಿದ್ದ. ಹೋದ ಮ್ಯಾಲ ತಗಿಸಲಿಲ್ಲ, ಒಬ್ಬರ ಸಕ್ಕರಿ ಕಮ್ಮಿ ಆಗ್ತಿತ್ತು. ಆಮ್ಯಾಲ ನೀ ಹುಟ್ಟಿದಿ, ದೀಪಾವಳಿ ಆಗಿ ಎಂಟು ದಿನಕ್ಕ. ಹೆಸರ ಚಂದ ಅದ, ಕಾರ್ಡಿನ್ಯಾಗೂ ಅದ, ಸುಮ್ನ ಯಾಕ ಹಾಳ ಮಾಡೋದು ಅಂದ. ಸಾಲಿಗೆ ಹಾಕುವಾಗ ಅದೇ ಕಾರ್ಡ ತೋರಿಸಿದ. ಹೆಡ್‌ಮಾಸ್ತರ, ಕೂಸು ವಯಸ್ಸಿಗಿಂತ ಸಣ್ಣ ಕಾಣ್ತದಲ್ಲೋ ಅಂದ್ರ, ಸರಿಯಾಗಿ ಉಣ್ಣೂದಿಲ್ರಿ ಅಂತ ಹೇಳಿದ."

"ಆಕಿ ಯಾಕ ಹೋದ್ಲು?"

"ಆಕಿ ಎಲ್ಲಾರಂಗ ಇರಲಿಲ್ಲವಾ. ಕುತ್ತಿಗಿ ನಿಲ್ಲಲಿಲ್ಲ. ಕಣ್ಣು ಮ್ಯಾಲ ಎಳದಂಗ ಇದ್ದವು, ನಾಲಿಗಿ ಹೊರಗ. ವಿಜಾಪುರದ ಡಾಕ್ಟರ್ ನೋಡಿ, ಇವು ಹಿಂಗ ಇರ್ತಾವ, ಮನಿಗೆ ಕರಕೊಂಡ ಹೋಗ್ರಿ ಅಂದ." ಮೊರವನ್ನು ಒಮ್ಮೆ ಕೇರಿದಳು. "ಭಾಳ ನಗ್ತಿದ್ಲು. ಯಾರ ಬಂದ್ರೂ ನಗ್ತಿದ್ಲು, ಕೆಟ್ಟ ಮಂದಿ ಬಂದ್ರೂ."

ಮಾಧುರಿ ಕೇಳಬೇಕೆಂದು ಬಂದದ್ದು ಇದಲ್ಲ. ಕೇಳಬೇಕಾದದ್ದು ಈಗ ಬಾಯಿಗೆ ಬಂತು. "ಹುಟ್ಟೋದ್ರೊಳಗ ನಿನಗ ಗೊತ್ತಾಗಿದ್ರ? ಈಗ ಗೊತ್ತಾಗ್ತದಂತ ಯವ್ವಾ. ರಕ್ತ ತಗೊಂಡು ಹೇಳ್ತಾರ. ಗೊತ್ತಾಗಿದ್ರ ಏನ ಮಾಡ್ತಿದ್ದಿ?"

ತಿಪ್ಪವ್ವ ಇನ್ನೊಂದು ಹರಳು ಆರಿಸಿದಳು. ದೇವರ ಮಾತು ಬರುತ್ತದೆ, ಇಲ್ಲವೇ ಹಣೆಬರಹದ ಮಾತು ಬರುತ್ತದೆ ಎಂದು ಮಾಧುರಿ ಕಾದಳು.

"ಹತ್ತೀ ಬತ್ತಿಲೆ ಹಾಲ ಹಾಕೋದು ಮೊದಲ ಕಲೀತಿದ್ದೆ," ಎಂದಳು ತಾಯಿ. "ಆಕೀಗೆ ಮೊಲಿ ಚೀಪಾಕ ಬರತಿದ್ದಿಲ್ಲ. ಬಾಯಾಗ ಹಾಕಿದ್ದು ಮೂಗಿನಾಗ ಬರತಿತ್ತು. ಬತ್ತಿ ಎದ್ದಿ ಒಂದೊಂದ ಹನಿ ಹಾಕಬೇಕಂತ ನನಗ ಯಾರೂ ಹೇಳಲಿಲ್ಲ. ನಾನ ಕಲಿಯೋದ್ರಾಗ ಆರು ತಿಂಗಳ ಹೋತು. ಆ ಆರು ತಿಂಗಳ ಕೂಸು ಹಸದೇ ಇತ್ತು."

ಅಷ್ಟು ಹೇಳಿ ಮೊರವನ್ನು ಮಗಳ ಕಡೆ ತಳ್ಳಿ, "ನೀ ಹಸನ ಮಾಡ್ತಿರು, ಕಣ್ಣ ಕಾಣವಲ್ವು, ನಾ ಚಹಾಕ್ಕ ಇಡ್ತೀನಿ" ಎಂದು ಒಳಗೆ ಹೋದಳು.

ಹಿಂತಿರುಗುವ ಗಾಡಿಯಲ್ಲಿ ಮಾಧುರಿ ಕಿಟಕಿಯ ಬದಿ ಕುಳಿತಿದ್ದಳು. ಎರಡು ವರ್ಷ ಚಿಕ್ಕವಳಾಗಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಇದಕ್ಕಾಗಿ ಹೆಂಗಸರು ಏನೇನೋ ಮುಖಕ್ಕೆ ಬಳಿಯುತ್ತಾರೆ, ಅವಳಿಗೆ ದೌಂಡಿನ ಟಿಕೇಟಿನಲ್ಲಿ ಸಿಕ್ಕಿತು. ಆದರೂ ಏನೂ ಅನ್ನಿಸಲಿಲ್ಲ. ಮೂವತ್ತೈದು ವರ್ಷ ಹಿಂದೆ ಹೋದ ಕೂಸಿನ ಸಕ್ಕರೆ ತಿಂದು, ಅದರ ಹೆಸರಿನಲ್ಲಿ ಶಾಲೆ ಕಲಿತು, ಅದರ ವಯಸ್ಸಿನಲ್ಲಿ ನೌಕರಿ ಹಿಡಿದು, ದಿನಕ್ಕೆ ಸಾವಿರಾರು ನಳಿಗೆಗಳಲ್ಲಿ ಸರಿಯಿಲ್ಲದ್ದನ್ನು ಕೆಂಪು ಟ್ರೇಗೆ ಹಾಕುತ್ತ ಕುಳಿತಿರುವುದು. ಅಳಬೇಕಾದ ಜಾಗ ಇದೇ ಇರಬೇಕು ಎಂದುಕೊಂಡಳು. ಕರವಸ್ತ್ರವನ್ನೂ ತೆಗೆದು ಇಟ್ಟುಕೊಂಡಳು. ಲೋಣಿ ಬಂತು, ಹಡಪ್ಸರ ಬಂತು, ಕರವಸ್ತ್ರವನ್ನು ಒಣಗಿದ್ದು ಒಣಗಿದ ಹಾಗೇ ಮಡಚಿ ಒಳಗಿಟ್ಟಳು.

ವಾರವಿಡೀ ಕೆಲಸ ಮಾಡಿದಳು. ಗುರುವಾರ ಮಾತ್ರ ಒಂದು ನಳಿಗೆ ಹಿಡಿದುಕೊಂಡು ಅವಳ ಕೈ ಐದನೇ ಸೆಕೆಂಡಿಗೆ ಹೋಯಿತು, ಆರನೇದಕ್ಕೂ ಹೋಯಿತು. ಹಸಿರು ತುದಿ ಹೋಗಲೊಲ್ಲದು. ಕೆಂಪು ಟ್ರೇಯ ವಸ್ತು, ಅನುಮಾನವೇ ಇರಲಿಲ್ಲ. ಹಳದಿಗೆ ಹಾಕಿದಳು. ಸೂಪರ್‌ವೈಸರ್ ಮಧುಕರ ಬಂದು ಅದನ್ನು ಎತ್ತಿ ನೋಡಿ, "ಕಾಯ್ ಮಾಧುರಿತಾಯಿ, ಇದರಾಗೇನು ಅನುಮಾನ?" ಎಂದು ತನ್ನ ಹರುಕು ಕನ್ನಡದಲ್ಲಿ ಕೇಳಿದ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. "ನೀವೇ ನೋಡ್ರಿ" ಎಂದಳು. ಅವನು ಅದನ್ನು ಕೆಂಪಿಗೆ ಎಸೆದು ಮುಂದೆ ಹೋದ.

ಆ ಸಂಜೆ ಪ್ರೇಮಕುಮಾರನಿಗೆ ಅಕ್ಕನ ವಿಷಯ ಹೇಳಿದಳು. ಅವನು, "ಹಂಗಾರ ನಾ ಯಾರನ್ನ ಮದವಿ ಆಗೀನಿ?" ಅಂದ. ಅಂದ ಮೇಲೆ ತಾನೇ ಹೆದರಿ ಅವಳ ಕೈ ಹಿಡಿದುಕೊಂಡ. ಆ ಕೈ ಬೆಚ್ಚಗಿತ್ತು ಎಂಬುದು ಅವಳ ಗಮನಕ್ಕೆ ಬಂತು. ಬಂದದ್ದು ಅಷ್ಟೇ. "ಶನಿವಾರ ನಾನೂ ಬರ್ತೀನಿ" ಅಂದ.

ಶನಿವಾರ ಹೊಸ ಡಬ್ಬಿ, ಅದರ ಮೇಲೆ ಪ್ರೇಮಕುಮಾರನ ದುಂಡು ಅಕ್ಷರದಲ್ಲಿ ಅವಳ ಪೂರ್ತಿ ಹೆಸರು. ಮಾಯಾ ಸಿಸ್ಟರ್ ಓದಿ ನಿರಾಶಳಾದಂತೆ ಕಂಡಳು. ಪ್ರೇಮಕುಮಾರ ಚೀಲ ಹಿಡಿದು ಫಲಕದ ಕೆಳಗೆ ನಿಂತ. ಮಾಧುರಿ ಒಳಗೆ ಹೋಗಿ ಡಾಕ್ಟರ ಎದುರು ಕುರ್ಚಿಯ ತುದಿಯಲ್ಲಿ ಕುಳಿತು, ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವವಳ ದನಿಯಲ್ಲಿ ಹೇಳಿದಳು, "ಮೇಡಮ್, ಹೋದ ವಾರ ಎರಡು ಸುಳ್ಳು ಹೇಳೀನ್ರಿ. ನನಗ ಮೂವತ್ತಾರಲ್ಲ, ಮೂವತ್ನಾಲ್ಕು. ಮತ್ತ ಮನಿತನದಾಗ ಅಂಥ ಕೂಸು ಒಬ್ಬಾಕಿ ಇದ್ಲು. ನನ್ನ ಅಕ್ಕ."

ಡಾಕ್ಟರ್ ನೀಲಿಮಾ ಪೆನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿದರು. ಕೇಳಿ ಮೆತ್ತಗೆ ಹೇಳಿದರು, "ಅಕ್ಕಗ ಹಂಗಿತ್ತು ಅಂದ್ರ ನಿಮ್ಮ ಕೂಸಿಗೂ ಹಂಗಾಗ್ತದಂತ ಇಲ್ರಿ. ಅಪರೂಪಕ್ಕ ಮನಿತನದಾಗ ಬರೋದುಂಟು, ಅದನ್ನ ನೋಡೋಣು. ವಯಸ್ಸಂತೂ ಎರಡು ವರ್ಷ ಇಳೀತು, ಸಂಶಯನೂ ಇಳೀತು. ಪರೀಕ್ಷಾ ಬ್ಯಾಡ ಅಂದ್ರೂ ನಡೀತದ. ಏನ ಮಾಡೋಣು?"

"ಮಾಡ್ರಿ."

"ವಿಚಾರ ಮಾಡೀರಿಲ್ಲೋ?"

"ಮಾಡೀನ್ರಿ. ಇವರೂ ಹೊರಗ ನಿಂತಾರ."

ಸ್ಕ್ಯಾನ್ ಕೋಣೆಯಲ್ಲಿ ಮಾಧುರಿ ಮಲಗಿದಳು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಿತ್ತು. ಹಣೆಯ ಮೇಲೆ ಬೆವರು, ಮುಷ್ಟಿ ಬಿಗಿ, ತುಟಿ ಬಿಗಿ. ಮೂವತ್ತು ವರ್ಷದ ವೃತ್ತಿಯಲ್ಲಿ ಎಷ್ಟೋ ಹೆಂಗಸರ ಮುಖ ನೋಡಿದ್ದ ಡಾಕ್ಟರು ಈ ಮುಖ ನೋಡಿ ಕೈ ತಡೆದರು. ಕುರ್ಚಿ ಹತ್ತಿರ ಎಳೆದುಕೊಂಡು, ಅವಳ ಭುಜದ ಮೇಲೆ ಕೈಯಿಟ್ಟು ಕೇಳಿದರು.

"ಮಾಧುರಿ, ಒಂದ ಮಾತು ಕೇಳ್ತೀನಿ, ಮನಸ್ಸು ಬಿಚ್ಚಿ ಹೇಳ್ರಿ. ಹೋದ ವಾರ ನಿಮ್ಮ ಮಾರಿ ನೋಡಿ, ಈಕಿ ಬ್ಯಾಡ ಅಂತಾಳ ಅಂದುಕೊಂಡಿದ್ದೆ. ಈಗ ವಯಸ್ಸಿನ ಕಾರಣನೂ ಉಳಿದಿಲ್ಲ. ಆದ್ರೂ ಮಾಡ್ರಿ ಅಂತೀರಿ. ಯಾಕ?"

ಮಾಧುರಿ ಛಾವಣಿ ನೋಡುತ್ತ ಹೇಳಿದಳು.

"ಒಂದು ಲೀಟರ್ ನೀರು ಕುಡದ ಬಂದೀನ್ರಿ ಮೇಡಮ್. ಸುಮ್ನ ಯಾಕ ಹಾಳ ಮಾಡೋದು? ಲಗೂ ಮಾಡ್ರಿ."